ದೀಪಗಳ ಮಿಣುಕಾಟ: ಕಾರಣ ರೈಲೋ, ಕಟ್ಟಡವೋ?

ಮಹಾನಗರಗಳಲ್ಲಿ ವಿದ್ಯುತ್ ರೈಲು ಮಾರ್ಗಗಳ ಮಗ್ಗುಲಲ್ಲೇ ಅಂಗಡಿ, ಉಪಾಹಾರಗೃಹ ಮತ್ತು ಕಚೇರಿಗಳಿರುವ ವಾಣಿಜ್ಯ ಕಟ್ಟಡಗಳು ತಲೆ ಎತ್ತಿವೆ. ಇಂತಹ ಕಟ್ಟಡದಲ್ಲಿ ದೀಪಗಳು ಮಿಣುಕತೊಡಗಿದರೆ, ಅದು ರೈಲಿನ ಪ್ರಭಾವವೆಂದು ಭಾವಿಸಿ ಸುಮ್ಮನಾಗುವುದು ವಾಡಿಕೆ. ಈ ಊಹೆ ಕೆಲವೊಮ್ಮೆ ನಿಜವೂ ಹೌದು. ಆದರೆ ಪರೀಕ್ಷಿಸದೆ ಅದನ್ನೇ ನಂಬುವುದು ಅಪಾಯಕರ. ಕಟ್ಟಡದೊಳಗೆ ಸಡಿಲಗೊಂಡ ತಂತಿಯೊಂದು ಇದೇ ಲಕ್ಷಣವನ್ನು ತೋರಬಲ್ಲದು. ಅಂತಹ ತಂತಿ ಬೆಂಕಿಯ ಅನಾಹುತಕ್ಕೂ ಕಾರಣವಾಗಬಲ್ಲದು.

ರೈಲು ವಿದ್ಯುತ್ತನ್ನು ಪಡೆಯುವ ಬಗೆ

ಭಾರತದ ಪ್ರಥಮ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಸಂಚರಿಸಿತು. ಅದು 1500 ವೋಲ್ಟ್‌ಗಳ ನೇರ ಪ್ರವಾಹವನ್ನು ಬಳಸುತ್ತಿತ್ತು. ಮುಂಬಯಿಯ ಉಪನಗರ ಮಾರ್ಗಗಳು ಹಂತಹಂತವಾಗಿ 25,000 ವೋಲ್ಟ್‌ಗಳ ಪರ್ಯಾಯ ಪ್ರವಾಹಕ್ಕೆ ಬದಲಾಗಿ, 2016ರಲ್ಲಿ ಈ ಕಾರ್ಯ ಪೂರ್ಣಗೊಂಡಿತು. ದೆಹಲಿ, ಚೆನ್ನೈ, ಹೈದರಾಬಾದ್ ಮತ್ತು ಪುಣೆಯ ಮೆಟ್ರೋ ರೈಲುಗಳೂ 25,000 ವೋಲ್ಟ್‌ಗಳ ಪದ್ಧತಿಯವು.

ನಗರಕ್ಕೆ ವಿದ್ಯುತ್ತು ಮೂರು ಫೇಸ್‌ಗಳಲ್ಲಿ ಸರಬರಾಜಾಗುತ್ತದೆ. ಈ ಪದ್ಧತಿಯ ರೈಲು ಉಪಕೇಂದ್ರವು ಸಾಮಾನ್ಯವಾಗಿ ಅವುಗಳಲ್ಲಿ ಎರಡರ ನಡುವಿನಿಂದ ಮಾತ್ರ ವಿದ್ಯುತ್ತನ್ನು ಪಡೆಯುವುದರಿಂದ, ಮೂರರ ಸಮತೋಲನ ತುಸು ಕೆಡುತ್ತದೆ. ರೈಲು ನಿಲ್ದಾಣದಿಂದ ಹೊರಟು ವೇಗ ಪಡೆಯುವಾಗ ಅಧಿಕ ವಿದ್ಯುತ್ತನ್ನು ಸೆಳೆಯುತ್ತದೆ. ಆಗ ವೋಲ್ಟೇಜು ಕ್ಷಣಕಾಲ ಇಳಿಯುತ್ತದೆ. ಇದರ ಪರಿಣಾಮವನ್ನು ತಗ್ಗಿಸಲೆಂದೇ ರೈಲು ಉಪಕೇಂದ್ರಗಳನ್ನು ಉನ್ನತ ವೋಲ್ಟೇಜಿನ ಜಾಲಕ್ಕೆ ಜೋಡಿಸಲಾಗುತ್ತದೆ ಮತ್ತು ಒಂದರ ನಂತರದ ಉಪಕೇಂದ್ರವನ್ನು ಬೇರೆ ಜೋಡಿ ಫೇಸ್‌ಗಳಿಗೆ ಸೇರಿಸಲಾಗುತ್ತದೆ. ಹೀಗಾಗಿ ಅಂಗಡಿಯ ದೀಪವನ್ನು ತಲುಪುವ ವೇಳೆಗೆ ಈ ಏರಿಳಿತ ಬಹುಮಟ್ಟಿಗೆ ಅಲ್ಪವಾಗಿರುತ್ತದೆ.

ಬೆಂಗಳೂರು ಮತ್ತು ಕೊಲ್ಕತ್ತಾ ಮೆಟ್ರೋಗಳು ಮೂರನೆಯ ಹಳಿಯ ಮೂಲಕ 750 ವೋಲ್ಟ್‌ಗಳ ನೇರ ಪ್ರವಾಹವನ್ನು ಪಡೆಯುತ್ತವೆ. ಅಲ್ಲಿ ಮೂರೂ ಫೇಸ್‌ಗಳಿಂದ ವಿದ್ಯುತ್ತನ್ನು ತೆಗೆದುಕೊಂಡು ನೇರ ಪ್ರವಾಹವಾಗಿ ಮಾರ್ಪಡಿಸುವುದರಿಂದ ಅಸಮತೋಲನದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ಸಮಯದ ದಾಖಲೆ

ಪರೀಕ್ಷೆಯ ಮೊದಲ ಸಾಧನ ಒಂದು ಪುಸ್ತಕ ಮತ್ತು ಒಂದು ಗಡಿಯಾರ. ಕನಿಷ್ಠ ಒಂದು ವಾರ, ದೀಪ ಮಿಣುಕಿದ ಸಮಯ, ಅಂತಸ್ತು, ದೀಪದ ಬಗೆ, ಬೆಳಕು ಕುಂದಿತೋ ಹೆಚ್ಚಿತೋ ಎಂಬುದು ಮತ್ತು ಆ ಕ್ಷಣದಲ್ಲಿ ಚಾಲನೆಗೊಂಡ ಯಂತ್ರ, ಇವನ್ನು ಬರೆದಿಡಬೇಕು. ತಳ ಅಂತಸ್ತಿನ ಉಪಾಹಾರಗೃಹದ ರುಬ್ಬುವ ಯಂತ್ರ, ಲಿಫ್ಟು, ನೀರೆತ್ತುವ ಪಂಪು ಅಥವಾ ಹವಾನಿಯಂತ್ರಣ ಯಂತ್ರ ಚಾಲನೆಗೊಂಡಾಗಲೂ ಮೇಲಿನ ಕಚೇರಿಯ ದೀಪಗಳು ಕುಂದಬಹುದು.

ಕೆಲವೇ ನಿಮಿಷಗಳಿಗೊಮ್ಮೆ ರೈಲು ಹೊರಡುವ ನಿಲ್ದಾಣದ ಬಳಿ ಯಾವ ಮಿಣುಕಾಟಕ್ಕೂ ಒಂದು ರೈಲು ಹೊಂದಿಕೊಂಡೇ ಬರುತ್ತದೆ. ಆದುದರಿಂದ ರೈಲು ಇರುವಾಗ ನೋಡಿದರೆ ಸಾಲದು, ಇಲ್ಲದಿರುವಾಗಲೂ ನೋಡಬೇಕು. ತಡರಾತ್ರಿ ಸಂಚಾರ ನಿಂತಾಗ, ಅಥವಾ ಮುಂಬಯಿಯಲ್ಲಿ ದುರಸ್ತಿಗಾಗಿ ಭಾನುವಾರಗಳಂದು ಘೋಷಿಸುವ ಮೆಗಾ ಬ್ಲಾಕ್ ವೇಳೆಯಲ್ಲಿ, ಕಟ್ಟಡದ ದೀಪ ಮತ್ತು ಯಂತ್ರಗಳನ್ನು ಎಂದಿನಂತೆ ನಡೆಸಿ ಗಮನಿಸುವುದು ಉತ್ತಮ. ಆಗಲೂ ದೀಪಗಳು ಹಿಂದಿನಂತೆಯೇ ಮಿಣುಕಿದರೆ ದೋಷವನ್ನು ಬೇರೆಡೆ ಹುಡುಕಬೇಕು.

ವ್ಯಾಪ್ತಿಯ ಪರಿಶೀಲನೆ

1. ಒಂದೇ ದೀಪ ಮಿಣುಕಿದರೆ ದೋಷವು ದೀಪದಲ್ಲಿ, ಹೋಲ್ಡರಿನಲ್ಲಿ ಅಥವಾ ಕೊಳವೆ ದೀಪದ ಸ್ಟಾರ್ಟರಿನಲ್ಲಿ ಇರುವ ಸಂಭವ ಹೆಚ್ಚು. ಕಳಪೆ ಎಲ್ಇಡಿ ದೀಪಗಳು ಅಲ್ಪ ಏರಿಳಿತಕ್ಕೂ ಮಿಣುಕುತ್ತವೆ. ಉತ್ತಮ ದೀಪವನ್ನು ಹಾಕಿ ಹೋಲಿಸಿ ನೋಡಬೇಕು.

2. ಒಂದು ಕೋಣೆ ಅಥವಾ ಒಂದು ಸಾಲಿನ ದೀಪಗಳು ಮಾತ್ರ ಮಿಣುಕಿದರೆ ಆ ಸಾಲಿನ ಸ್ವಿಚ್ಚು ಮತ್ತು ತಂತಿಯ ಜೋಡಣೆಗಳನ್ನು ಪರೀಕ್ಷಿಸಬೇಕು.

3. ನೆರೆಯ ಕಟ್ಟಡಗಳಲ್ಲಿಯೂ ಅದೇ ಕ್ಷಣದಲ್ಲಿ ದೀಪಗಳು ಮಿಣುಕಿದರೆ ಕಾರಣ ಹೊರಗಿನ ಸರಬರಾಜಿನಲ್ಲಿದೆ ಎನ್ನಬಹುದು.

4. ಕಟ್ಟಡದ ಕೆಲವು ದೀಪಗಳು ಕುಂದುತ್ತಿರುವಾಗಲೇ ಇನ್ನು ಕೆಲವು ಎಂದಿಗಿಂತ ಪ್ರಖರವಾದರೆ, ನ್ಯೂಟ್ರಲ್ ತಂತಿ ಸಡಿಲಗೊಂಡಿರಬಹುದು. ಇದು ಎಲ್ಲಕ್ಕಿಂತ ಗಂಭೀರವಾದ ಲಕ್ಷಣ.

ನ್ಯೂಟ್ರಲ್ ತಂತಿಯ ಅಪಾಯ

ಪ್ರತಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸ್‌ಗಳ ಉಪಕರಣಗಳು ಒಂದರ ಹಿಂದೊಂದು ಸೇರಿದಂತಾಗಿ, ಕಡಿಮೆ ಹೊರೆಯ ಕಡೆಗೆ 230ಕ್ಕಿಂತ ಬಹಳ ಅಧಿಕ ವೋಲ್ಟೇಜು ಬೀಳುತ್ತದೆ. ದೀಪ, ಗಣಕಯಂತ್ರ, ಶೀತಕಯಂತ್ರಗಳು ಸುಟ್ಟುಹೋಗಬಹುದು. ಗಣಕಯಂತ್ರ ಮತ್ತು ಎಲ್ಇಡಿ ದೀಪಗಳು ಅಧಿಕವಾಗಿರುವೆಡೆ, ಅವು ಉಂಟುಮಾಡುವ 150 ಹರ್ಟ್ಸ್‌ನ ಪ್ರವಾಹಗಳು ನ್ಯೂಟ್ರಲಿನಲ್ಲಿ ಒಟ್ಟುಗೂಡಿ ಅದನ್ನು ಬಿಸಿಯೇರಿಸುತ್ತವೆ. ಆದುದರಿಂದ ಈ ತಂತಿಯ ಗಾತ್ರ ಮತ್ತು ಜೋಡಣೆಯಲ್ಲಿ ಉಳಿತಾಯ ಸಲ್ಲದು.

ದೀಪಗಳು ಹೀಗೆ ಏರಿಳಿದರೆ, ವಿದ್ಯುತ್ ಫಲಕ ಬಿಸಿಯಾದರೆ, ಸದ್ದು ಮಾಡಿದರೆ ಅಥವಾ ಸುಟ್ಟ ವಾಸನೆ ಬಂದರೆ ಸುರಕ್ಷಿತವಾಗಿ ಸಾಧ್ಯವಿದ್ದಲ್ಲಿ ಮುಖ್ಯ ಸ್ವಿಚ್ಚನ್ನು ಕೂಡಲೇ ಆರಿಸಬೇಕು. ಪರವಾನಗಿ ಪಡೆದ ತಂತ್ರಜ್ಞರ ಹೊರತು ಬೇರಾರೂ ಫಲಕವನ್ನು ತೆರೆಯಕೂಡದು.

ಅಳತೆ ಮತ್ತು ದೂರು

ಮೇಲಿನ ಪರಿಶೀಲನೆಯಿಂದ ಕಾರಣ ತಿಳಿಯದಿದ್ದರೆ ವೋಲ್ಟೇಜನ್ನು ದಾಖಲಿಸುವ ಉಪಕರಣಗಳನ್ನು ಎರಡು ಕಡೆ ಏಕಕಾಲದಲ್ಲಿ ಇರಿಸಬೇಕು: ಒಂದು ವಿದ್ಯುತ್ತು ಕಟ್ಟಡವನ್ನು ಪ್ರವೇಶಿಸುವಲ್ಲಿ, ಇನ್ನೊಂದು ಮಿಣುಕುವ ಅಂತಸ್ತಿನ ಫಲಕದಲ್ಲಿ. ಪ್ರವೇಶದಲ್ಲಿ ಸ್ಥಿರವಾಗಿದ್ದು ಅಂತಸ್ತಿನಲ್ಲಿ ಮಾತ್ರ ಏರಿಳಿದರೆ ದೋಷ ಕಟ್ಟಡದೊಳಗಿನದು. ಪ್ರವೇಶದಲ್ಲಿಯೂ ಏರಿಳಿತ ಕಂಡು, ಕಟ್ಟಡದ ಯಂತ್ರಗಳನ್ನು ನಿಲ್ಲಿಸಿದಾಗಲೂ ಅದು ಮುಂದುವರಿದರೆ ಕಾರಣ ಹೊರಗಿನದು. ಪ್ರವೇಶದ ಜೋಡಣೆಯನ್ನೂ ವಿದ್ಯುತ್ ಸರಬರಾಜು ಸಂಸ್ಥೆ ಆಗ ಪರೀಕ್ಷಿಸಬೇಕಾಗುತ್ತದೆ. ಮಿಣುಕಾಟದ ತೀವ್ರತೆಯನ್ನು ಹತ್ತು ನಿಮಿಷಗಳ ಅವಧಿಗೆ ಲೆಕ್ಕಹಾಕುವ ಅಂತರರಾಷ್ಟ್ರೀಯ ಮಾಪನವೂ ಉಂಟು. ಅದರಲ್ಲಿ 1 ಎಂಬ ಅಂಕವನ್ನು ಕಣ್ಣಿಗೆ ಕಿರಿಕಿರಿ ಎನಿಸುವ ಮಿತಿಯೆಂದು ಪರಿಗಣಿಸಲಾಗಿದೆ.

ಈ ದಾಖಲೆಗಳೊಂದಿಗೆ ಸರಬರಾಜು ಸಂಸ್ಥೆಗೆ ಲಿಖಿತ ದೂರು ಸಲ್ಲಿಸಬೇಕು. ಪರಿಹಾರ ದೊರೆಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ ಅನ್ವಯ ಸ್ಥಾಪಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯ ಮೊರೆಹೋಗಬಹುದು. ಸಮಯ ಮತ್ತು ಸ್ಥಳಗಳನ್ನು ನಮೂದಿಸಿದ ದೂರಿಗೆ ಬೆಲೆ ಹೆಚ್ಚು.

ರೈಲಿನಿಂದಾದ ಮಿಣುಕಾಟ ಕಣ್ಣಿಗೆ ತೊಂದರೆ ಕೊಡಬಹುದು. ಸಡಿಲ ತಂತಿಯಿಂದಾದದ್ದು ಪ್ರಾಣಕ್ಕೇ ಎರವಾಗಬಹುದು. ಆದಕಾರಣ ಮೊದಲು ಕಟ್ಟಡವನ್ನು ಪರೀಕ್ಷಿಸಿ, ಅನಂತರ ರೈಲಿನತ್ತ ನೋಡುವುದೇ ವಿವೇಕದ ಕ್ರಮ.