ಸ್ಟೆಂಟ್ ಹಾಕಿದ ಎದೆಗೆ ಚೀನಾದ ಬೇರು

ಇಳಕಲ್ಲಿನ ಕೆಂಪು ಗ್ರಾನೈಟ್ ವ್ಯಾಪಾರದ ಬೆನ್ನು ಹತ್ತಿ ನಾನು ಚೀನಾದ ಶಿಯಾಮೆನ್ ಬಂದರಿನಲ್ಲಿ ವರ್ಷಗಟ್ಟಲೆ ಇದ್ದೆ. ಎದೆನೋವು ಬಂದದ್ದೂ ಅಲ್ಲೇ, ಸ್ಟೆಂಟ್ ಹಾಕಿಸಿಕೊಂಡದ್ದೂ ಅಲ್ಲೇ. ಹಾರ್ಟಿನ ಮಾತ್ರೆಯ ಜೊತೆ ಬೇರು-ನಾರಿನ ಔಷಧ ತಗೊಳ್ಳಬಹುದಾ ಅಂತ ಊರಿನವರು ಈಗಲೂ ನನ್ನನ್ನು ಕೇಳುತ್ತಾರೆ. ಎರಡೂ ಕಡೆಯ ವೈದ್ಯರಿಗೆ ಗೊತ್ತಿದ್ದರೆ ಮಾತ್ರ ಅನ್ನುತ್ತೇನೆ.

ನೋವು ಹಿಡಿದ ದಿನ ಯಾರ್ಡಿನ ಮೇಸ್ತ್ರಿ, “ಲಾವೊಬಾನ್ (ಯಜಮಾನ್ರೇ), ಬಾಯಿ ತೆಗೀರಿ” ಎಂದು ಜೇಬಿನಿಂದ ಸೋರೆಬುರುಡೆ ಆಕಾರದ ಪುಟ್ಟ ಬಾಟಲಿ ತೆಗೆದ. ಒಳಗೆ ಸಾಸಿವೆಗಿಂತ ತುಸು ದಪ್ಪನೆಯ ಗುಳಿಗೆಗಳು. ನಾಲಿಗೆಯ ಕೆಳಗಿಟ್ಟೊಡನೆ ಕರ್ಪೂರದ ಘಾಟು, ಹಿಂದೆಯೇ ಥಂಡಿ. ಸೂಶಿಯಾವ್ ಜಿಯೂಶಿನ್ ವಾನ್ ಅದರ ಹೆಸರು; ಚುವಾನ್‌ಶಿಯೊಂಗ್ ಎಂಬ ಬೇರು, ಬೋರ್ನಿಯೋಲ್ ಸೇರಿದ ಔಷಧ. ಅಲ್ಲಿನ ಎಷ್ಟೋ ವಯಸ್ಸಾದವರ ಜೇಬಿನಲ್ಲಿ ಅದು ಇದ್ದೇ ಇರುತ್ತದೆ. ಗುಳಿಗೆ ಏನು ಮಾಡುತ್ತದೋ ನೋಡೋಣ ಅಂತ ಮೇಸ್ತ್ರಿ ಕಾಯುತ್ತ ಕೂರಲಿಲ್ಲ. ಅದನ್ನು ಬಾಯಿಗಿಡುತ್ತಲೇ ಆಂಬ್ಯುಲೆನ್ಸಿನ 120 ನಂಬರಿಗೆ ಫೋನ್ ಹಚ್ಚಿದ್ದ. ಕಟ್ಟಿಕೊಂಡ ರಕ್ತನಾಳ ತೆರೆದದ್ದು ಆಸ್ಪತ್ರೆಯ ಕ್ಯಾಥ್‌ಲ್ಯಾಬಿನಲ್ಲಿ.

ಡಿಸ್ಚಾರ್ಜ್ ಚೀಟಿಯಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಇದ್ದವು. ಕೊನೆಯ ಸಾಲಿನಲ್ಲಿ ಡಾನ್‌ಶೆನ್ ಬೇರಿನ ಕಂದು ಗುಳಿಗೆ, ದಿನಕ್ಕೆ ಮೂರು ಸಲ ಹತ್ತತ್ತು. ಬರೆದವರು ಸ್ಟೆಂಟ್ ಹಾಕಿದ ಡಾಕ್ಟರೇ. ನಮ್ಮಲ್ಲಿ ಕಾರ್ಡಿಯಾಲಜಿಸ್ಟ್ ಕೈಯಿಂದ ಕಷಾಯದ ಚೀಟಿ ಬಂದರೆ ಪೇಪರಿನಲ್ಲಿ ಸುದ್ದಿಯಾದೀತು. ಅಲ್ಲಿ ಅದು ದಿನದ ಮಾತು.

ಆಮೇಲೆ ನಿದ್ದೆ ಹಾರಿಹೋಯಿತು. ಮನೆಯ ಮಾಲೀಕರು ತಮಗೆ ಗೊತ್ತಿದ್ದ ವೃದ್ಧ ವೈದ್ಯರ ಬಳಿ ಕರೆದೊಯ್ದರು. ಅವರು ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು, ನಾಲಿಗೆ ನೋಡಿದರು, ಕಾಗದ ತುಂಬ ಬೇರುಗಳ ಹೆಸರು ಬರೆದರು. ಬರೆದಾದ ಮೇಲೆ ಆಸ್ಪತ್ರೆಯ ಚೀಟಿ ಕೇಳಿದರು. ಅದನ್ನು ಓದುತ್ತ ತಮ್ಮ ಕಾಗದದಲ್ಲಿದ್ದ ಡಾನ್‌ಶೆನ್ ಮೇಲೆ ಗೀಟು ಎಳೆದರು. ಗುಳಿಗೆಯಲ್ಲಿ ಅದು ಆಗಲೇ ಹೊಟ್ಟೆಗೆ ಹೋಗುತ್ತಿದೆ, ಸಾಲದ್ದಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ ಬೇರೆ. ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ತೀರಾ ಅಂತಲೂ ವಿಚಾರಿಸಿದರು. ಚೀನಾದ ಎಷ್ಟೋ ಕಷಾಯಗಳಿಗೆ ಜ್ಯೇಷ್ಠಮಧು ಬೀಳುತ್ತದೆ. ಅದು ಹೆಚ್ಚಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಬಿ.ಪಿ. ಏರುತ್ತದೆ; ಆ ಮಾತ್ರೆಯೂ ಜೊತೆಗೂಡಿದರೆ ಪೊಟ್ಯಾಸಿಯಂ ಇನ್ನಷ್ಟು ಕುಸಿದು ಎದೆಬಡಿತವೇ ಹಳಿ ತಪ್ಪಬಹುದು. ನಾಡಿ ಹಿಡಿದದ್ದಕ್ಕಿಂತ ಆ ಗೀಟು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

ಕೃತಕ ಕವಾಟ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಿಗಂತೂ ಡಾನ್‌ಶೆನ್ ಅಪಾಯದ ಬೇರು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐ.ಎನ್.ಆರ್. ಅಂಕಿ ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಜಿನ್‌ಸೆಂಗ್ ಆದರೆ ಅದೇ ವಾರ್ಫರಿನ್ನಿನ ಬಲ ಕುಗ್ಗಿಸುವುದುಂಟು. ಗಿಡಮೂಲಿಕೆಯಲ್ಲವೇ, ಏನೂ ಆಗೋದಿಲ್ಲ ಅನ್ನುವವರಿಗೆ ನಾನು ವತ್ಸನಾಭಿಯ ನೆನಪು ಮಾಡುತ್ತೇನೆ. ಚೀನಾದವರು ಅದರ ಜಾತಿಯದೇ ಗೆಡ್ಡೆಯನ್ನು ಸಂಸ್ಕರಿಸಿ, ಗಂಟೆಗಟ್ಟಲೆ ಕುದಿಸಿ ಬಳಸುತ್ತಾರೆ. ಕುದಿ ಸಾಲದಿದ್ದರೆ ಎದೆಬಡಿತ ತಪ್ಪಿ ಜೀವವೇ ಹೋಗಬಹುದು.

ಹಾಗಂತ ಎಲ್ಲವೂ ಬರೀ ನಂಬಿಕೆಯ ವ್ಯವಹಾರವಲ್ಲ. ಜಿಗಣೆ, ಚೇಳು ಸೇರಿದ ತೊಂಗ್‌ಶಿನ್‌ಲುವೊ ಎಂಬ ಕ್ಯಾಪ್ಸೂಲನ್ನು ಹೃದಯಾಘಾತವಾದ 3,777 ಜನರ ಮೇಲೆ ಚೀನಾದಲ್ಲಿ ಪರೀಕ್ಷಿಸಿದರು. (ಪುಣ್ಯಕ್ಕೆ ನನಗದನ್ನು ಬರೆಯಲಿಲ್ಲ, ಲಿಂಗಾಯತರ ಮನೆಯಲ್ಲಿ ಏನೆಂದು ಹೇಳುವುದು?) 2023ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, 30 ದಿನಗಳೊಳಗೆ ಹೃದಯ ಅಥವಾ ಮಿದುಳಿನ ದೊಡ್ಡ ತೊಂದರೆ ಕಂಡದ್ದು ಔಷಧವಿಲ್ಲದ ಹುಸಿ ಕ್ಯಾಪ್ಸೂಲ್ ನುಂಗಿದವರಲ್ಲಿ ಶೇ. 5.2, ಅಸಲಿ ಕ್ಯಾಪ್ಸೂಲ್ ನುಂಗಿದವರಲ್ಲಿ ಶೇ. 3.4. ಈ ಅಂಕಿ ಹಿಡಿದು ವಾದಿಸುವವರು ಒಂದನ್ನು ಬಿಟ್ಟುಬಿಡುತ್ತಾರೆ. ಹೃದಯಾಘಾತಕ್ಕೆ ಕೊಡಬೇಕಾದ ಮಾಮೂಲಿ ಚಿಕಿತ್ಸೆ ಎರಡೂ ಗುಂಪಿಗೆ ನಡೆದಿತ್ತು, ಕ್ಯಾಪ್ಸೂಲ್ ಅದರ ಮೇಲೆ ಸೇರಿದ್ದು. ಮಾತ್ರೆ ಬಿಡಿಸಿ ಚೇಳು ತಿನ್ನಿಸಿದ ಪರೀಕ್ಷೆ ಅದಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಚೀನೀ ಲಿಪಿಯ ಡಬ್ಬಿಗಳನ್ನೆಲ್ಲ ಇಲ್ಲಿನ ಡಾಕ್ಟರ ಮೇಜಿನ ಮೇಲೆ ಸುರಿದೆ. ಅವರು ಫೋನಿನಲ್ಲಿ ಲೇಬಲ್ಲುಗಳ ಫೋಟೊ ತೆಗೆದುಕೊಂಡು, ಹುಡುಕಿ ಓದಿ, ಮೂರು ಮಾತ್ರೆ ಮುಂದುವರಿಸಿ ಡಾನ್‌ಶೆನ್ ನಿಲ್ಲಿಸಿದರು. “ಇಲ್ಲಿ ಇದರ ಅಸಲಿ ಯಾವುದು, ನಕಲಿ ಯಾವುದು ಅಂತ ನಾನು ಹೇಳಲಾರೆ.” ನನಗೂ ಅದು ಸರಿ ಎನಿಸಿತು.

“ಬೇರೆ ಏನಾದರೂ ತಗೊಳ್ತಿದ್ದೀರಾ?”

ಇಳಕಲ್ಲಿನಿಂದ ಅತ್ತಿಗೆ ಕಳಿಸಿದ್ದ ಹೊಳೆಮತ್ತಿ ತೊಗಟೆಯ ಪುಡಿಯ ಬಗ್ಗೆ ಹೇಳಿದೆ. ಅದನ್ನೂ ಕಂಪ್ಯೂಟರಿಗೆ ಸೇರಿಸಿಕೊಂಡು, ಕ್ಲೋಪಿಡೋಗ್ರೆಲ್ ಮುಗಿಯುವ ತನಕ ಬೇಡ ಎಂದರು. ಅತ್ತಿಗೆ ಇನ್ನೂ ಮುನಿಸಿಕೊಂಡಿದ್ದಾರೆ.