ಉರಿಯೂತದ ಒಳಗುಟ್ಟು

ಕಾಲಿಗೆ ಮುಳ್ಳು ಮುರಿದರೆ ಮಾರನೆಯ ದಿನ ಆ ಜಾಗವು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬ ಲೇಖಕನು ಕ್ರಿ. ಶ. 1ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಇದೇ ಉರಿಯೂತ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ನನ್ನ ತಾಯಿಗೆ ನಾಲ್ಕು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲಾರಳು. ಬದನೆಕಾಯಿಯ ನಂಜೆಂದು ಒಮ್ಮೆ, ಹಿಂದಿನ ಜನ್ಮದ ಕರ್ಮವೆಂದು ಇನ್ನೊಮ್ಮೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. “ನೀನು ಓದ್ದೋನಲ್ವೇನಪ್ಪಾ, ಇದು ಯಾಕೆ ಬಂತು ಹೇಳು” ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಗ್ರಂಥವಿದೆ. ಅದರ ಎಲ್ಲ ಪುಟಗಳನ್ನೂ ಕೋಶವು ಒಮ್ಮೆಗೇ ಓದುವುದಿಲ್ಲ. ಯಾವ ಪುಟವನ್ನು ಯಾವಾಗ ನಕಲು ಮಾಡಬೇಕೆಂದು ಗೊತ್ತುಮಾಡುವ ಪ್ರೋಟೀನುಗಳಿಗೆ ಪ್ರತಿಲೇಖನ ಕಾರಕಗಳೆಂದು ಹೆಸರು. ಉರಿಯೂತದ ಪುಟಗಳನ್ನು ತೆರೆಯಿಸುವವುಗಳಲ್ಲಿ ಮುಖ್ಯವಾದುದು ಎನ್.ಎಫ್. ಕಪ್ಪ-ಬಿ. ಇದನ್ನು 1986ರಲ್ಲಿ ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಗುರುತಿಸಿದರು.

ಈ ಕಾರಕವು ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಆದರೆ ಐ-ಕಪ್ಪ-ಬಿ ಎಂಬ ಮತ್ತೊಂದು ಪ್ರೋಟೀನು ಅದನ್ನು ಕೇಂದ್ರದ ಹೊರಗೆ, ಕೊಟ್ಟಿಗೆಯ ಎತ್ತನ್ನು ಹಗ್ಗವು ಹಿಡಿದಂತೆ, ಹಿಡಿದಿಟ್ಟಿರುತ್ತದೆ. ಮುಳ್ಳಿನೊಡನೆ ರೋಗಾಣುಗಳು ಹೊಕ್ಕಾಗ ಅಲ್ಲಿನ ರಕ್ಷಕ ಕೋಶಗಳು ಟಿ.ಎನ್.ಎಫ್. ಎಂಬ ಸಂಕೇತವನ್ನು ಹೊರಬಿಡುತ್ತವೆ. ಅದು ನೆರೆಯ ಕೋಶದ ಮೇಲ್ಮೈಯಲ್ಲಿರುವ ಗ್ರಾಹಕಕ್ಕೆ ಅಂಟುತ್ತದೆ. ಸುದ್ದಿ ಒಳಕ್ಕೆ ಸಾಗಿ ಐ.ಕೆ.ಕೆ. ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಈ ಕಿಣ್ವವು ಹಗ್ಗಕ್ಕೆ ಫಾಸ್ಫೇಟಿನ ಗುರುತು ಹಾಕುತ್ತದೆ. ಗುರುತು ಬಿದ್ದ ಹಗ್ಗಕ್ಕೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ. ಚೀಟಿ ಅಂಟಿದುದನ್ನು ಪ್ರೋಟಿಯಸೋಮ್ ಎಂಬ ಯಂತ್ರವು ಚೂರುಚೂರು ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ಹಗ್ಗ ಹರಿದು, ಕಾರಕವು ಕೇಂದ್ರವನ್ನು ಹೊಕ್ಕು, ಬಿಳಿಯ ರಕ್ತಕಣಗಳನ್ನು ಕರೆಸುವ ವಂಶವಾಹಿಗಳನ್ನು ಎಬ್ಬಿಸುತ್ತದೆ.

ಇಲ್ಲಿಯೇ ಸೋಜಿಗವಿರುವುದು. ಅದು ಎಬ್ಬಿಸುವ ವಂಶವಾಹಿಗಳಲ್ಲಿ ಐ-ಕಪ್ಪ-ಬಿಯದೂ ಒಂದು! ಬಿಚ್ಚಿದ ಎತ್ತೇ ತನಗೆ ಹೊಸ ಹಗ್ಗವನ್ನು ಹೊಸೆಯಿಸಿಕೊಳ್ಳುತ್ತದೆ. ಹೊಸ ಹಗ್ಗವು ಕೇಂದ್ರಕ್ಕೇ ಹೋಗಿ ಅದನ್ನು ಹಿಂದಕ್ಕೆ ತರುತ್ತದೆ. ಆದ್ದರಿಂದಲೇ ಮುಳ್ಳಿನ ಉರಿ ಆರುತ್ತದೆ.

ಆದರೆ ಅದೇ ಕಾರಕವು ಟಿ.ಎನ್.ಎಫ್. ಅನ್ನೂ ಹೆಚ್ಚಿಸುತ್ತದೆ. ಸಂಧಿವಾತದಲ್ಲಿ ಕೀಲಿನ ಒಳಪದರದಲ್ಲಿ ಸಂಕೇತ ನಿಲ್ಲುವುದೇ ಇಲ್ಲ; ಕಟ್ಟಿದಷ್ಟೂ ಹಗ್ಗ ಹರಿಯುತ್ತಲೇ ಇರುತ್ತದೆ. ಉಳಬೇಕಾದ ಎತ್ತು ಬೆಳೆಯನ್ನೇ ಮೇಯುತ್ತದೆ. ಟಿ.ಎನ್.ಎಫ್. ಅನ್ನು ತಡೆಯುವ ಎಟಾನರ್ಸೆಪ್ಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ದೊರೆಯಿತು. ಸ್ಟೀರಾಯ್ಡ್ ಗುಳಿಗೆಗಳೂ ಈ ಕಾರಕವನ್ನು ತಗ್ಗಿಸುತ್ತವೆ. ಆದರೆ ರೋಗಾಣುಗಳ ವಿರುದ್ಧ ಬೇಕಾದ ರಕ್ಷಣೆಯನ್ನೂ ಅವು ತಗ್ಗಿಸುತ್ತವೆ; ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವುದೂ, ಬಹುದಿನ ನುಂಗಿ ಥಟ್ಟನೆ ಬಿಡುವುದೂ ಅಪಾಯ. ನಮ್ಮ ಮನೆಯಲ್ಲಿ ಈ ಎರಡೂ ನಡೆದಿದ್ದವು.

ದೀಪಾವಳಿಯ ರಜದಲ್ಲಿ ಇದನ್ನೆಲ್ಲ ತಾಯಿಗೆ ಎತ್ತು-ಹಗ್ಗದ ಮಾತಿನಲ್ಲೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾನೇನೂ ತಪ್ಪು ಮಾಡಿಲ್ಲ ಅನ್ನು” ಎಂದಳು. ಈಗ ತಪ್ಪದೆ ಆಸ್ಪತ್ರೆಗೆ ಹೋಗುತ್ತಾಳೆ. ನನ್ನ ಮೂರು ವರ್ಷದ ವ್ಯಾಸಂಗ ಅಷ್ಟರಮಟ್ಟಿಗೆ ಸಾರ್ಥಕವೆಂದು ಭಾವಿಸಿ ಲೇಖನಿಯನ್ನು ಕೆಳಗಿಡುತ್ತೇನೆ.