ಸಂರಕ್ಷಿತ ಬೀದಿಯ ಹಳೆಯ ಮನೆಗೆ ಬಾಗಿಲು

ಇಂಗ್ಲೆಂಡಿನ ಹಳೆಯ ಮನೆಯೊಂದರ ಮುಂಬಾಗಿಲನ್ನು ಬದಲಿಸುವ ಖರ್ಚು ಬಾಗಿಲಿನ ಬೆಲೆಗಷ್ಟೇ ಮುಗಿಯುವುದಿಲ್ಲ. ಮನೆ ಯಾವ ಬೀದಿಯಲ್ಲಿದೆ ಎಂಬುದೂ ಆ ಖರ್ಚನ್ನು ನಿರ್ಧರಿಸುತ್ತದೆ. 1967ರ ಸಿವಿಕ್ ಅಮೆನಿಟೀಸ್ ಕಾಯ್ದೆ ‘ಕನ್ಸರ್ವೇಶನ್ ಏರಿಯಾ’ ಎಂಬ ಸಂರಕ್ಷಣಾ ವಲಯಗಳಿಗೆ ದಾರಿ ಮಾಡಿತು. ಅದೇ ವರ್ಷ ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಮೊದಲ ವಲಯ ಘೋಷಣೆಯಾಯಿತು. ಈಗ ಇಂಗ್ಲೆಂಡಿನಲ್ಲಿ ಇಂಥ ವಲಯಗಳು ಹತ್ತಿರಹತ್ತಿರ 10,000 ಇವೆ. ಕರ್ನಾಟಕದಿಂದ ಹೋಗಿ ಅಲ್ಲಿ ಮನೆ ಕೊಳ್ಳುವವರಿಗೆ ಇದು ಹೊಸ ಬಗೆಯ ಕಟ್ಟುಪಾಡು. ಬಾದಾಮಿಯಲ್ಲೋ ಶ್ರೀರಂಗಪಟ್ಟಣದಲ್ಲೋ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್, ಅದರಾಚೆಗೆ ಮತ್ತೆ 200 ಮೀಟರ್ ಎಂದು ನಿರ್ಬಂಧದ ಮಿತಿಯನ್ನು ಅಳೆಯುತ್ತಾರೆ. ಇಂಗ್ಲೆಂಡಿನ ವಲಯದ ನಡುವೆ ಸ್ಮಾರಕವೇ ಇರಬೇಕೆಂದಿಲ್ಲ. ಗಿರಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳ ಬೀದಿಯೇ ಅಲ್ಲಿ ಕಾಪಾಡಬೇಕಾದ ವಸ್ತುವಾಗಿರಬಹುದು. ಒಂದೇ ಮಾದರಿಯ ಬಾಗಿಲು, ಒಂದೇ ಬಗೆಯ ಕಿಟಕಿ ಸಾಲಾಗಿ ನಿಂತದ್ದರಲ್ಲೇ ಅದರ ಚೆಲುವಿದೆ.

ವಲಯದೊಳಗಿದೆ ಎಂಬ ಒಂದೇ ಕಾರಣಕ್ಕೆ ಬಾಗಿಲಿಗೆ ಅನುಮತಿ ಬೇಕಾಗುವುದಿಲ್ಲ. ಸಾಮಾನ್ಯ ಮನೆಯ ಬಾಗಿಲನ್ನು ಹಳೆಯದನ್ನು ಹೋಲುವ ಸಾಮಗ್ರಿಯಲ್ಲಿ ಬದಲಿಸಲು ಮಾಲೀಕನಿಗೆ ಕಾನೂನೇ ಕೊಟ್ಟ ಹಕ್ಕು ಇದೆ. ಸ್ಥಳೀಯ ಕೌನ್ಸಿಲ್ ‘ಆರ್ಟಿಕಲ್ 4’ ಆದೇಶ ಹೊರಡಿಸಿ ಆ ಹಕ್ಕನ್ನು ಹಿಂಪಡೆದಿದ್ದರೆ ಮಾತ್ರ ಮುಂಬಾಗಿಲು, ಕಿಟಕಿ, ಛಾವಣಿಯ ಹೆಂಚು, ಕಾಂಪೌಂಡ್ ಗೋಡೆಗಳಲ್ಲಿ ಆದೇಶ ಹೆಸರಿಸಿದ್ದಕ್ಕೆಲ್ಲ ಅರ್ಜಿ ಹಾಕಬೇಕು. ಫ್ಲಾಟುಗಳಿಗೆ ಈ ಹಕ್ಕು ಮೊದಲಿಂದಲೂ ಇಲ್ಲ. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ‘ಲಿಸ್ಟೆಡ್’ ಕಟ್ಟಡಗಳ ದಾರಿಯೇ ಬೇರೆ. ಅವುಗಳಿಗೆ ಪ್ರತ್ಯೇಕ ಒಪ್ಪಿಗೆ ಬೇಕು, ಅದಕ್ಕೆ ಶುಲ್ಕವಿಲ್ಲ, ಪಡೆಯದೆ ಕಟ್ಟಡದ ಸ್ವರೂಪ ಕೆಡುವಂತೆ ಮುಟ್ಟಿದರೆ ಅಪರಾಧ. ಆದ್ದರಿಂದ ಮೊದಲು ಕೇಳಬೇಕಾದದ್ದು ಬಾಗಿಲಿನ ದರವನ್ನಲ್ಲ, ಆ ವಿಳಾಸಕ್ಕೆ ಆರ್ಟಿಕಲ್ 4 ಇದೆಯೇ ಎಂಬುದನ್ನು. ಉತ್ತರ ಕೌನ್ಸಿಲ್‌ನ ಯೋಜನಾ ವಿಭಾಗದಲ್ಲಿ ಸಿಗುತ್ತದೆ.

ಈ ಪ್ರಶ್ನೆಯನ್ನು ಕೇಳದೆ ಹೋದದ್ದರ ಬೆಲೆಯನ್ನು ಈ ಅಂಕಣಕಾರ ತೆತ್ತಿದ್ದಾನೆ. ಇಂಗ್ಲೆಂಡಿನ ನಡುನಾಡಿನ ಪಟ್ಟಣವೊಂದರಲ್ಲಿ 1890ರ ದಶಕದ ಸಾಲುಮನೆಯನ್ನು ಅವನು 2019ರಲ್ಲಿ ಕೊಂಡಾಗ ಮುಂದೆ ಬಿಳಿಯ ಪ್ಲಾಸ್ಟಿಕ್ ಬಾಗಿಲಿತ್ತು. ಹಿಂದಿನ ಮಾಲೀಕರು 2017ರಲ್ಲಿ ಅದನ್ನು ಹಾಕಿಸಿದ್ದರು, ಅನುಮತಿ ಪಡೆದಿರಲಿಲ್ಲ. ಖರೀದಿಯ ಶೋಧ ವರದಿಯಲ್ಲಿ ಆರ್ಟಿಕಲ್ 4ರ ಉಲ್ಲೇಖ ಒಂದು ಸಾಲಿನಷ್ಟಿತ್ತು. ಆ ಸಾಲನ್ನೂ ಆ ಬಾಗಿಲನ್ನೂ ವಕೀಲರಾಗಲಿ ಕೊಳ್ಳುವವನಾಗಲಿ ಜೋಡಿಸಿ ನೋಡಲಿಲ್ಲ. 2020ರ ಅಕ್ಟೋಬರಿನಲ್ಲಿ ಆ ಬಾಗಿಲಿನ ಬಗ್ಗೆ ಕೌನ್ಸಿಲ್‌ನಿಂದ ಪತ್ರ ಬಂತು. ಜಾರಿ ನೋಟಿಸು ಜಮೀನಿಗೆ ಅಂಟಿಕೊಂಡಿರುತ್ತದೆ, ತಪ್ಪು ಮಾಡಿದವನನ್ನು ಹಿಂಬಾಲಿಸಿ ಹೋಗುವುದಿಲ್ಲ. ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಸರಿಪಡಿಸಬೇಕು, ನೋಟಿಸನ್ನು ಪಾಲಿಸದಿದ್ದರೆ ಅಪರಾಧವಾಗುತ್ತದೆ. ಆಗ ಇಂಥ ಕೆಲಸಗಳ ಮೇಲೆ ಕ್ರಮ ಕೈಗೊಳ್ಳಲು ಕೌನ್ಸಿಲ್‌ಗೆ 4 ವರ್ಷದ ಗಡುವಿತ್ತು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರಿಂದ ಅದು 10 ವರ್ಷವಾಗಿದೆ. ಆ ದಿನಕ್ಕೆ ಮೊದಲೇ ಮುಗಿದ ಕೆಲಸಗಳಿಗೆ ಹಳೆಯ ಗಡುವೇ ಅನ್ವಯ. ಈಗ ಹಳೆಯ ಮನೆ ಕೊಳ್ಳುವವರು ಹಿಂದಿನವರ ಕೆಲಸದ ಬಗ್ಗೆ ಇನ್ನಷ್ಟು ಹಿಂದಕ್ಕೆ ಹೋಗಿ ವಿಚಾರಿಸಬೇಕು. ಚೌಕಾಸಿಗೆ ಅವಕಾಶವಿರುವುದು ಸಹಿ ಹಾಕುವ ಮುಂಚೆ ಮಾತ್ರ.

ಅರ್ಜಿಗೆ ಶುಲ್ಕವಿದೆ. ಆರ್ಟಿಕಲ್ 4ರ ಕಾರಣದಿಂದಲೇ ಹಾಕಬೇಕಾದ ಅರ್ಜಿಗಳಿಗೆ 2018ರ ಜನವರಿಯವರೆಗೆ ವಿನಾಯಿತಿಯಿತ್ತು, ಆಮೇಲೆ ಅದು ಹೋಯಿತು. ಅಂಕಣಕಾರ 2020ರಲ್ಲಿ ಕಟ್ಟಿದ್ದು 206 ಪೌಂಡ್. ಅದೇ ಶುಲ್ಕ 2023ರ ಡಿಸೆಂಬರಿನಲ್ಲಿ 258ಕ್ಕೆ, 2025ರ ಏಪ್ರಿಲ್‌ನಲ್ಲಿ 528ಕ್ಕೆ ಏರಿತು. ತೀರ್ಮಾನಕ್ಕೆ ಸಾಮಾನ್ಯವಾಗಿ 8 ವಾರ. ಮುಂದಿನ ನೋಟದ ನಕ್ಷೆ, ಬಾಗಿಲಿನ ಅಡ್ಡಛೇದ, ಮರದ ವಿವರ, ಫೋಟೋಗಳನ್ನು ಜೊತೆಗಿಡಬೇಕು. ಅಕ್ಕಪಕ್ಕದಲ್ಲಿ ಮೂಲ ಬಾಗಿಲು ಉಳಿದಿರುವ ಮನೆಯ ಫೋಟೋ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಧಿಕಾರಿ ಹೋಲಿಸಿ ನೋಡುವುದೇ ಅದನ್ನು.

ಹಳೆಯ ಬಾಗಿಲು ಇನ್ನೂ ಚೌಕಟ್ಟಿನಲ್ಲಿದ್ದರೆ ಅದನ್ನು ಬದಲಿಸಲೇಬೇಕಾದ ಸಂದರ್ಭ ಕಡಿಮೆ. ವಿಕ್ಟೋರಿಯಾ ಕಾಲದ ನಾಲ್ಕು ಹಲಗೆಯ ಬಾಗಿಲುಗಳನ್ನು ನಿಧಾನವಾಗಿ ಬೆಳೆದ, ಒತ್ತಾದ ಎಳೆಯ ಪೈನ್ ಮರದಿಂದ ಮಾಡುತ್ತಿದ್ದರು. ಇಂದು ಅಂಗಡಿಯಲ್ಲಿ ಸಿಗುವ ಅಗ್ಗದ ಪೈನ್ ಅಷ್ಟು ತಾಳುವುದಿಲ್ಲ. ಕೊಳೆಯುವುದು ಹೆಚ್ಚಾಗಿ ಮಳೆನೀರು ತಂಗುವ ಕೆಳಗಿನ ಅಡ್ಡಪಟ್ಟಿ, ಹೊಸ್ತಿಲು ಮತ್ತು ಚೌಕಟ್ಟಿನ ಬುಡ. ಆ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರ ಕೂಡಿಸಿದರೆ ಬಾಗಿಲು ಮತ್ತೆ ಹಲವು ದಶಕ ನಿಲ್ಲುತ್ತದೆ. ಇದ್ದ ಹಾಗೆಯೇ ದುರಸ್ತಿ ಮಾಡಲು ಅನುಮತಿಯ ತಂಟೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅಂಕಣಕಾರನ ಪಕ್ಕದ ಮನೆಯ ಬಾಗಿಲಿಗೆ ಬಡಗಿ ಈ ಕೆಲಸಕ್ಕೆ ತೆಗೆದುಕೊಂಡದ್ದು 380 ಪೌಂಡ್. ಎಚ್ಚರ ಬೇಕಾದದ್ದು ಹಳೆಯ ಬಣ್ಣದ ವಿಷಯದಲ್ಲಿ. ಅದರಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಕೂಡದು.

ಅಂಕಣಕಾರನ ಮನೆಯಲ್ಲಿ ದುರಸ್ತಿ ಮಾಡಲು ಮೂಲ ಬಾಗಿಲೇ ಉಳಿದಿರಲಿಲ್ಲ. ಅಳತೆಗೆ ತಕ್ಕಂತೆ ಹೊಸ ಮರದ ಬಾಗಿಲು ಮಾಡಿ ಕೂರಿಸಲು ಬಂದ ದರ, ತೆರಿಗೆ ಸೇರಿ, 2,350 ಪೌಂಡ್. ಮರದಂತೆ ಕಾಣುವ ಕಾಂಪೊಸಿಟ್ ಬಾಗಿಲಿಗೆ 1,450 ಕೇಳಿದರು, ಆದರೆ ಮುಂಭಾಗಕ್ಕೆ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಕೊನೆಗೆ ಕೈಹಿಡಿದದ್ದು ಕೆಡವಿದ ಮನೆಗಳ ಮರಮುಟ್ಟು ಮಾರುವ ಅಂಗಳ. ಅಲ್ಲಿ ಅದೇ ಕಾಲದ ನಾಲ್ಕು ಹಲಗೆಯ ಬಾಗಿಲು 280 ಪೌಂಡಿಗೆ ಸಿಕ್ಕಿತು. ಬಡಗಿಯ ಕೂಲಿ 420, ಬೀಗ, ಬಣ್ಣ, ಅಂಚೆಗಂಡಿಗೆ 190, ಅರ್ಜಿಯ 206 ಸೇರಿ ಒಟ್ಟು 1,096 ಪೌಂಡ್ ಆಯಿತು. ಇಂಥ ಬಾಗಿಲು ಕೊಳ್ಳುವಾಗ ಅಳತೆ ತಪ್ಪಬಾರದು, ಏಕೆಂದರೆ ಹಳೆಯ ಚೌಕಟ್ಟುಗಳು ಒಂದೊಂದು ಮನೆಗೆ ಒಂದೊಂದು ಅಗಲ. ಅಂಚಿನಲ್ಲಿ ಸ್ವಲ್ಪ ಹೆರೆಯಬಹುದು. ಹೆಚ್ಚು ಹೆರೆದರೆ ಜೋಡಣೆಗಳು ಸಡಿಲವಾಗುತ್ತವೆ. ಬೇಕಾದ್ದಕ್ಕಿಂತ ತುಸು ದೊಡ್ಡದನ್ನೇ ಆರಿಸುವುದು ಕ್ಷೇಮ, ಚಿಕ್ಕದನ್ನು ಹಿಗ್ಗಿಸಲಾಗದು.

ಹೊಸ ಬಾಗಿಲು ಮಾರುವವರ ದೊಡ್ಡ ವಾದ ಶಾಖ ಉಳಿತಾಯದ್ದು. ಅದನ್ನು ಲೆಕ್ಕ ಹಾಕಿಯೇ ನೋಡಬೇಕು. ಗಟ್ಟಿ ಮರದ ಹಳೆಯ ಬಾಗಿಲಿನ ಯು ಮೌಲ್ಯ, ಅಂದರೆ ಅದರ ಮೂಲಕ ಶಾಖ ಸೋರುವ ದರ, ಸುಮಾರು 3. ಹೊಸ ಬಾಗಿಲಿಗೆ ಈಗಿನ ನಿಯಮ ಕೇಳುವುದು 1.4. ಎರಡು ಚದರ ಮೀಟರ್ ಬಾಗಿಲಿಗೆ, ಇಂಗ್ಲೆಂಡಿನ ನಡುನಾಡಿನ ಚಳಿಗಾಲದ ಲೆಕ್ಕದಲ್ಲಿ, ಈ ವ್ಯತ್ಯಾಸದಿಂದ ವರ್ಷಕ್ಕೆ ಸುಮಾರು 150 ಯೂನಿಟ್ ಶಾಖ ಉಳಿಯುತ್ತದೆ. ಬಾಯ್ಲರಿನ ನಷ್ಟವನ್ನೂ ಸೇರಿಸಿ, ಯೂನಿಟ್ಟಿಗೆ 6 ಪೆನ್ಸ್ ಆಸುಪಾಸಿನ ಗ್ಯಾಸ್ ದರದಲ್ಲಿ, ಅದು ವರ್ಷಕ್ಕೆ 10–12 ಪೌಂಡ್. ಎರಡು ಸಾವಿರ ಪೌಂಡಿನ ಬಾಗಿಲು ಆ ಉಳಿತಾಯದಿಂದ ಒಂದು ಜೀವಮಾನದಲ್ಲಿ ಅಸಲು ಮರಳಿಸುವುದಿಲ್ಲ. ಹಳೆಯ ಬಾಗಿಲಿನ ನಿಜವಾದ ಚಳಿ ಬರುವುದು ಸಂದುಗಳಿಂದ. ಸುತ್ತ ಗಾಳಿತಡೆ ಪಟ್ಟಿ, ಅಂಚೆಗಂಡಿಗೆ ಒಳಮುಚ್ಚಳ, ರಾತ್ರಿ ಎಳೆಯಲು ದಪ್ಪ ಪರದೆ ಇದ್ದರೆ ಮನೆಯವರಿಗೆ ಅಂದೇ ಗೊತ್ತಾಗುವಷ್ಟು ಬೆಚ್ಚಗಾಗುತ್ತದೆ.

ತೆರಿಗೆಯೂ ಇದೇ ದಿಕ್ಕಿನಲ್ಲಿದೆ. ಹೊಸ ಬಾಗಿಲಿಗೂ ಅದನ್ನು ಕೂರಿಸುವುದಕ್ಕೂ ವ್ಯಾಟ್ ಶೇ 20. ಗಾಳಿತಡೆ ಪಟ್ಟಿಯನ್ನು ವ್ಯಾಟ್ ನೋಂದಣಿ ಇರುವ ಕೆಲಸಗಾರರೇ ತಂದು ಹಾಕಿದರೆ 2027ರ ಮಾರ್ಚ್ 31ರವರೆಗೆ ಶೂನ್ಯ ತೆರಿಗೆ. ಅಂಗಡಿಯಿಂದ ತಂದು ಸ್ವಂತವಾಗಿ ಅಂಟಿಸಿದರೆ ಈ ರಿಯಾಯಿತಿ ಸಿಗುವುದಿಲ್ಲ. ಲಿಸ್ಟೆಡ್ ಮನೆಗಳ ಒಪ್ಪಿತ ಮಾರ್ಪಾಟುಗಳಿಗಿದ್ದ ಶೂನ್ಯ ತೆರಿಗೆ 2012ರ ಅಕ್ಟೋಬರ್ 1ರಂದು ರದ್ದಾಯಿತು. ಹಳೆಯ ಪುಸ್ತಕಗಳಲ್ಲಿ ಅದನ್ನು ಓದಿ ನಂಬಿದವರು ಈಗಲೂ ಸಿಗುತ್ತಾರೆ.

ಹಿಂಬಾಗಿಲಿನ ಕಥೆ ಹಗುರ. ಆರ್ಟಿಕಲ್ 4 ಆದೇಶಗಳು ಹೆಚ್ಚಾಗಿ ರಸ್ತೆಗೋ ಸಾರ್ವಜನಿಕ ಬಯಲಿಗೋ ಮುಖ ಮಾಡಿದ ಭಾಗಕ್ಕಷ್ಟೇ ಅನ್ವಯಿಸುತ್ತವೆ. ಹಿತ್ತಿಲ ಕಡೆ, ಆದೇಶದ ನಕ್ಷೆಯನ್ನು ನೋಡಿಕೊಂಡು, ಶಾಖ ಹಿಡಿಯುವ ಹೊಸ ಬಾಗಿಲನ್ನೇ ಹಾಕಬಹುದು. ಅರ್ಧಕ್ಕಿಂತ ಹೆಚ್ಚು ಗಾಜಿರುವ ಬಾಗಿಲಾದರೆ ಕಟ್ಟಡ ನಿಯಮಗಳ ಪ್ರಮಾಣಪತ್ರ ಬೇಕು. ಕಿಟಕಿ-ಬಾಗಿಲು ಕೂರಿಸುವವರ ಫೆನ್ಸಾದಂಥ ಯೋಜನೆಯಲ್ಲಿ ನೋಂದಾಯಿಸಿಕೊಂಡವರು ಅದನ್ನು ತಾವೇ ಕೊಡುತ್ತಾರೆ.

ಬೀಗವನ್ನು ವಿಮಾ ಪತ್ರ ನೋಡಿಕೊಂಡೇ ಕೊಳ್ಳಬೇಕು. ಮರದ ಹೊರಬಾಗಿಲಿಗೆ ಹಲವು ಕಂಪನಿಗಳು ಬಿಎಸ್ 3621 ಎಂಬ ಬ್ರಿಟಿಷ್ ಮಾನದಂಡದ ಗುರುತಿನ ಐದು ಲಿವರ್ ಬೀಗ ಕೇಳುತ್ತವೆ. ಅಂಥದ್ದಿಲ್ಲದೆ ಕಳವಾದರೆ ಪರಿಹಾರಕ್ಕೆ ತಕರಾರು ಬರಬಹುದು. ಹಳೆಯ ಬಾಗಿಲಿನ ಪಕ್ಕಪಟ್ಟಿ ತೆಳ್ಳಗಿದ್ದರೆ ಇಂಥ ಬೀಗಕ್ಕೆ ಕೊರೆದಾಗ ಮರ ಸೀಳುತ್ತದೆ. ದಪ್ಪವನ್ನು ಬಡಗಿಗೆ ಮೊದಲೇ ತೋರಿಸಬೇಕು.

ಅನುಮತಿ ಪತ್ರ, ನಕ್ಷೆ, ಬಿಲ್ಲು, ಪ್ರಮಾಣಪತ್ರ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋಗಳನ್ನು ಒಂದೇ ಕಡತದಲ್ಲಿ ಇಡಬೇಕು. ಮನೆ ಮಾರುವಾಗ ಟಿಎ6 ಎಂಬ ನಮೂನೆ ತುಂಬಬೇಕಾಗುತ್ತದೆ. 2002ರ ಏಪ್ರಿಲ್ 1ರ ನಂತರ ಹಾಕಿದ ಕಿಟಕಿ ಮತ್ತು ಗಾಜಿನ ಬಾಗಿಲುಗಳ ಬಗ್ಗೆ, ಇತರ ಮಾರ್ಪಾಟುಗಳ ಬಗ್ಗೆ, ಅವುಗಳಿಗೆ ಪಡೆದ ಅನುಮತಿಗಳ ಬಗ್ಗೆ ಅದು ಕೇಳುತ್ತದೆ, ಕೊಳ್ಳುವವರ ವಕೀಲರು ಕಾಗದಗಳ ಪ್ರತಿ ಕೇಳುತ್ತಾರೆ.